ಯಾರೂ ಎಬ್ಬಿಸದೆ ಏಳುವ ಕೆಲಸಗಳು

ಗಣಕಯಂತ್ರ ತಾನಾಗಿ ಏನನ್ನೂ ಆರಂಭಿಸದಿದ್ದ ಕಾಲವೊಂದಿತ್ತು. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಹೊತ್ತು ತಂದು ಯಂತ್ರದ ಬಾಯಿಗೆ ಕೊಡುತ್ತಿದ್ದ ಆಪರೇಟರನೇ ಅದರ ಪಾಲಿನ ಸೂರ್ಯೋದಯ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಅವನೇ ನೆನಪಿಡಬೇಕಿತ್ತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐಬಿಎಂ 7094 ಯಂತ್ರದ ಮೇಲೆ ದುಡಿಯುತ್ತಿದ್ದ ತಂಡವೊಂದು, ಯಾರ ಅಪ್ಪಣೆಗೂ ಕಾಯದೆ ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳನ್ನು 'ಡೀಮನ್' ಎಂದು ಕರೆಯತೊಡಗಿತು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ಬಿಡುವಿಲ್ಲದೆ ವಿಂಗಡಿಸುವ ಜೀವಿಯಿಂದ ಬಂದ ಹೆಸರದು.

ಈ ಉಪಾಯ ಸಾಧಾರಣ ಕಚೇರಿಗಳ ಕೈಗೆ ಅಚ್ಚುಕಟ್ಟಾಗಿ ಸಿಕ್ಕಿದ್ದು ಮಧ್ಯಮ ಗಾತ್ರದ ಗಣಕಗಳಲ್ಲಿ. ಅವುಗಳಲ್ಲಿ ಹೆಸರಾದದ್ದು 1988ರ ಜೂನ್ 21ರಂದು ಐಬಿಎಂ ಪ್ರಕಟಿಸಿದ ಎಎಸ್/400. ಹುಟ್ಟೂರು ಮಿನೆಸೋಟ ರಾಜ್ಯದ ರಾಚೆಸ್ಟರ್. ಅಲ್ಲಿಯೇ ರೂಪುಗೊಂಡಿದ್ದ ಸಿಸ್ಟಂ/38ರ ಬುದ್ಧಿಯನ್ನೂ ಸಿಸ್ಟಂ/36ರ ಗಿರಾಕಿಗಳನ್ನೂ ಅದು ಒಟ್ಟಿಗೆ ಬಳುವಳಿ ಪಡೆಯಿತು.

ಎಎಸ್/400 ತನ್ನೊಳಗಿನ ದುಡಿಮೆಯನ್ನು 'ಸಬ್‌ಸಿಸ್ಟಂ' ಎಂಬ ಕೋಣೆಗಳಾಗಿ ಹಂಚಿಕೊಳ್ಳುತ್ತದೆ. ಪರದೆಯ ಮುಂದೆ ಕುಳಿತವರಿಗೆ ಕ್ಯೂಇಂಟರ್, ಸರದಿಯಲ್ಲಿ ಕಾಯುವ ಕೆಲಸಗಳಿಗೆ ಕ್ಯೂಬ್ಯಾಚ್, ಮುದ್ರಣಕ್ಕೆ ಕ್ಯೂಎಸ್‌ಪಿಎಲ್. ಪ್ರತಿ ಕೋಣೆಗೂ ಒಂದು ವಿವರಣಪಟ್ಟಿ ಉಂಟು. ಅದರಲ್ಲಿ 'ಆಟೋಸ್ಟಾರ್ಟ್' ನಮೂದೊಂದನ್ನು ಸೇರಿಸಿ, ಕೆಲಸದ ಹೆಸರನ್ನೂ ಅದನ್ನು ನಡೆಸುವ ರೀತಿಯನ್ನು ಬರೆದಿಟ್ಟ ಕಡತವನ್ನೂ ಸೂಚಿಸಿದರಾಯಿತು. ಕೋಣೆಯ ಬಾಗಿಲು ತೆರೆದಾಗಲೆಲ್ಲ ಆ ಕೆಲಸ ಎದ್ದು ನಿಲ್ಲುತ್ತದೆ.

ಯಂತ್ರವನ್ನು ಚಾಲೂ ಮಾಡುವ ಕ್ರಿಯೆಗೆ ಐಪಿಎಲ್ ಎಂದು ಹೆಸರು. ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಆಗ ಮೊದಲು ಏಳುವುದು ನಿಯಂತ್ರಕ ಸಬ್‌ಸಿಸ್ಟಂ. ಅದರ ಆಟೋಸ್ಟಾರ್ಟ್ ಕೆಲಸ ಕ್ಯೂಎಸ್‌ಟಿಆರ್‌ಯುಪಿ ಎಂಬ ಪುಟ್ಟ ಪ್ರೋಗ್ರಾಂ ಅನ್ನು ಓಡಿಸುತ್ತದೆ. ಉಳಿದ ಕೋಣೆಗಳನ್ನು ತೆರೆಯುವುದು, ಪ್ರಿಂಟರುಗಳನ್ನು ಎಬ್ಬಿಸುವುದು ಅದರ ಹೊಣೆ. ಅದರ ಪ್ರತಿ ತೆಗೆದು ತಮಗೆ ಬೇಕಾದ ಆಜ್ಞೆಗಳನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯ ಗಿರಾಕಿಗಿತ್ತು. ಗೋಡೆಗೆ ಅಂಟಿಸಿದ ಹಾಳೆ ಯಂತ್ರದೊಳಗೆ ಸೇರಿದ್ದು ಹೀಗೆ.

ಆದರೆ ಯಾರೂ ಸೈನ್ ಆನ್ ಮಾಡದೆ ನಡೆಯುವ ಕೆಲಸ ಯಾರ ಹೆಸರಿನಲ್ಲಿ ನಡೆಯಬೇಕು? ಕಡತದಲ್ಲೇ ಒಬ್ಬ ಬಳಕೆದಾರನ ಹೆಸರಿರಬೇಕೆಂದು ವ್ಯವಸ್ಥೆ ಹಟ ಹಿಡಿಯುತ್ತದೆ. ತೊಡಕು ಇರುವುದೇ ಇಲ್ಲಿ. ಭದ್ರತೆಯ ಮಟ್ಟ 30 ಅಥವಾ ಅದಕ್ಕೂ ಕೆಳಗಿದ್ದರೆ, ಆ ಕಡತವನ್ನು ಬಳಸಬಲ್ಲ ಯಾರು ಬೇಕಾದರೂ ಆ ಹೆಸರಿನ ಅಧಿಕಾರದಲ್ಲಿ ತಮ್ಮ ಕೆಲಸ ಮಾಡಿಸಿಕೊಳ್ಳಬಹುದಿತ್ತು. ದೊಡ್ಡ ಅಧಿಕಾರಿಯ ಹೆಸರಿಟ್ಟಿದ್ದರಂತೂ ತಿಜೋರಿಯ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಮಟ್ಟ 40 ಈ ಕಿಂಡಿಯನ್ನು ಮುಚ್ಚಿತು.

ಇನ್ನೊಂದು ಫಜೀತಿ ಮೌನದ್ದು. ಇಂಥ ಕೆಲಸಕ್ಕೆ ಪರದೆಯಿಲ್ಲ. ನಡುವೆ ಏನಾದರೂ ಕೇಳಬೇಕಾಗಿ ಬಂದರೆ ಪ್ರಶ್ನೆ ಆಪರೇಟರನ ಸಂದೇಶಪೆಟ್ಟಿಗೆಗೆ ಹೋಗಿ ಬೀಳುತ್ತದೆ, ಉತ್ತರ ಬರುವವರೆಗೆ ಕೆಲಸ ನಿಂತಲ್ಲೇ ನಿಂತಿರುತ್ತದೆ. ಕೆಟ್ಟು ಮುಗಿದುಹೋದರೆ, ಕೋಣೆಯನ್ನು ಮುಚ್ಚಿ ಮತ್ತೆ ತೆರೆಯುವ ತನಕ ಅದು ತಾನಾಗಿ ಏಳುವುದಿಲ್ಲ. ಕಾರ್ಡು ಹೊರುವ ಆಪರೇಟರ್ ಮರೆಯಾದ, ಸಂದೇಶ ನೋಡುವ ಆಪರೇಟರ್ ಉಳಿದ.

ಎಎಸ್/400 ಎಂಬ ಹೆಸರು 2000ದಲ್ಲಿ ಐಸೀರೀಸ್ ಆಯಿತು, 2006ರಲ್ಲಿ ಸಿಸ್ಟಂ ಐ ಆಯಿತು. 2008ರಿಂದ ಅದರ ಕಾರ್ಯಾಚರಣಾ ವ್ಯವಸ್ಥೆಗೆ ಐಬಿಎಂ ಐ ಎಂದು ಹೆಸರು. ಬೆಳಗಿನ ಬಾಗಿಲು ತೆರೆಯುವ ಪ್ರೋಗ್ರಾಂ ಮಾತ್ರ ಇಂದಿಗೂ ಕ್ಯೂಎಸ್‌ಟಿಆರ್‌ಯುಪಿಯೇ.