ಊರಿಲ್ಲದ ಪೇಟೆಯ ಯಜಮಾನ

2013ರಲ್ಲಿ ಒಂದು ದಿನ ಶಾಂಘೈ ನಗರದಲ್ಲಿ ಕೆಲವು ಗೆಳೆಯರು ಇಸ್ಪೀಟಿಗೆ ಕುಳಿತಿದ್ದರು. ಅವರಲ್ಲೊಬ್ಬರು ಬಿಟಿಸಿ ಚೈನಾ ಎಂಬ ಬಿಟ್‌ಕಾಯಿನ್ ವಿನಿಮಯ ಕೇಂದ್ರದ ಮುಖ್ಯಸ್ಥ ಬಾಬಿ ಲೀ. ಇನ್ನೊಬ್ಬರು ತಂತ್ರಾಂಶ ಬರೆಯುವ ಚಾಂಗ್‌ಪೆಂಗ್ ಝಾವೋ. ಆಸ್ತಿಯಲ್ಲಿ ಹತ್ತನೇ ಒಂದು ಪಾಲನ್ನು ಈ ಹೊಸ ನಾಣ್ಯಕ್ಕೆ ಹಾಕಿ ನೋಡು ಎಂದು ಲೀ ಸಲಹೆ ಕೊಟ್ಟರು. ಝಾವೋ ಮರುವರ್ಷ ತಮ್ಮ ಮನೆಯನ್ನೇ ಮಾರಿ ಬಿಟ್‌ಕಾಯಿನ್ ಕೊಂಡರು. 2015ರ ಆರಂಭದಲ್ಲಿ ಅದರ ಬೆಲೆ 200 ಡಾಲರಿನ ಆಸುಪಾಸಿಗೆ ಕುಸಿಯಿತು. ಅವರು ಮಾರಲಿಲ್ಲ.

ಇಷ್ಟನ್ನೇ ಕೇಳಿದವರಿಗೆ ಇದು ಜೂಜುಕೋರನ ಕಥೆ ಎನ್ನಿಸೀತು. ಹಾಗಲ್ಲ. ಝಾವೋ ಹುಟ್ಟಿದ್ದು 1977ರಲ್ಲಿ, ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ. ಅಧ್ಯಾಪಕರಾಗಿದ್ದ ತಂದೆ ಬೂರ್ಷ್ವಾ ಪರ ಬುದ್ಧಿಜೀವಿ ಎಂಬ ಹಣೆಪಟ್ಟಿ ಹೊತ್ತು ಹಳ್ಳಿಗಾಡಿಗೆ ಗಡೀಪಾರಾದವರು. 1989ರಲ್ಲಿ ಕುಟುಂಬ ಕೆನಡಾ ಸೇರಿತು. ಹುಡುಗ ಮೆಕ್‌ಡೊನಾಲ್ಡ್ಸ್ ಹೋಟೆಲಿನಲ್ಲೂ ಪೆಟ್ರೋಲ್ ಬಂಕಿನಲ್ಲೂ ದುಡಿದ. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನ ಕಲಿತು, ಟೋಕಿಯೋ ಷೇರುಪೇಟೆಗೂ ನ್ಯೂಯಾರ್ಕಿನ ಬ್ಲೂಮ್‌ಬರ್ಗ್ ಸಂಸ್ಥೆಗೂ ಬೇಕಾದ ತಂತ್ರಾಂಶ ಬರೆದ ಮೇಲೆ 2005ರಲ್ಲಿ ಶಾಂಘೈಗೆ ಬಂದು ಸ್ವಂತ ಕಂಪನಿ ತೆರೆದರು. ಕೊಳ್ಳುವವನ ಬೇಡಿಕೆಯನ್ನೂ ಮಾರುವವನ ಬೆಲೆಯನ್ನೂ ಕಣ್ಣೆವೆಯಿಕ್ಕುವಷ್ಟರಲ್ಲಿ ಹೊಂದಿಸುವ ಯಂತ್ರ, ಅದು ಅವರ ಕಸುಬು.

ಆ ಕಸುಬಿಗೆ ಬಿಟ್‌ಕಾಯಿನ್ ಲೋಕದಲ್ಲಿ ಬೆಲೆ ಬಂದದ್ದು ಒಂದು ವಿಪರ್ಯಾಸದಿಂದ. 2009ರಲ್ಲಿ ಚಾಲನೆಗೆ ಬಂದ ಈ ನಾಣ್ಯದ ಉದ್ದೇಶವೇ ಮಧ್ಯವರ್ತಿಯನ್ನು ಕಿತ್ತುಹಾಕುವುದು. ಬ್ಯಾಂಕ್ ಬೇಡ, ಸರ್ಕಾರದ ಮುದ್ರೆ ಬೇಡ. ಆದರೆ ನಾಣ್ಯವನ್ನು ಮಾರಿ ಡಾಲರ್ ಪಡೆಯಬೇಕಾದರೆ ಪೇಟೆ ಬೇಕಲ್ಲ! ಆ ಪೇಟೆಯೇ ವಿನಿಮಯ ಕೇಂದ್ರ. ಅದು ಪ್ರತಿ ವಹಿವಾಟಿಗೂ ಕಿರು ದಲ್ಲಾಳಿ ಪಡೆಯುತ್ತದೆ. ಗಿರಾಕಿಗಳಲ್ಲಿ ಅನೇಕರು ತಮ್ಮ ನಾಣ್ಯವನ್ನೂ ಅಲ್ಲೇ ಇಡುತ್ತಾರೆ. ಮಧ್ಯವರ್ತಿ ಬೇಡವೆಂದ ಲೋಕದಲ್ಲಿ ಹೆಚ್ಚು ಸಿರಿವಂತರಾದವರ ಸಾಲಿನಲ್ಲಿ ಮಧ್ಯವರ್ತಿಗಳೇ ಇದ್ದಾರೆ.

2017ರ ಜುಲೈನಲ್ಲಿ ಝಾವೋ ಬೈನಾನ್ಸ್ ಎಂಬ ವಿನಿಮಯ ಕೇಂದ್ರ ತೆರೆದರು. ಬಂಡವಾಳಕ್ಕಾಗಿ ಷೇರು ಮಾರಲಿಲ್ಲ. ತಾವೇ ಒಂದು ನಾಣ್ಯ ಸೃಷ್ಟಿಸಿ ಮಾರಿ ಒಂದೂವರೆ ಕೋಟಿ ಡಾಲರ್ ಎತ್ತಿದರು. ಸೆಪ್ಟೆಂಬರ್ ಬರುವಷ್ಟರಲ್ಲಿ ಚೀನಾ ಸರ್ಕಾರ ಇಂಥ ನಾಣ್ಯ ಮಾರಾಟವನ್ನು ನಿಷೇಧಿಸಿತು, ದೇಶದೊಳಗಿನ ವಿನಿಮಯ ಕೇಂದ್ರಗಳೂ ಮುಚ್ಚಿದವು. ಬೈನಾನ್ಸ್ ಜಪಾನಿಗೆ ಹೋಯಿತು. 2018ರ ಮಾರ್ಚಿನಲ್ಲಿ, ಪರವಾನಗಿ ಇಲ್ಲ ಎಂದು ಜಪಾನ್ ಎಚ್ಚರಿಸಿತು. ಮಾಲ್ಟಾ ದ್ವೀಪಕ್ಕೆ ಹೋಗುವ ಮಾತಾಯಿತು. 2020ರಲ್ಲಿ ಮಾಲ್ಟಾ ಕೂಡ, ಈ ಸಂಸ್ಥೆಗೆ ನಾವು ಪರವಾನಗಿ ಕೊಟ್ಟಿಲ್ಲ ಎಂದಿತು. ಅಷ್ಟು ಹೊತ್ತಿಗೆ ಅದು ವಹಿವಾಟಿನಲ್ಲಿ ಜಗತ್ತಿನ ಅತಿ ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಒಂದಾಗಿತ್ತು. ಕೇಂದ್ರ ಕಚೇರಿ ಎಲ್ಲಿ ಎಂದು ಕೇಳಿದರೆ, ಅಂಥದ್ದು ಬೇಕಿಲ್ಲ ಎಂಬ ಧಾಟಿಯ ಉತ್ತರ ಬರುತ್ತಿತ್ತು.

ಗಿರವಿ ಅಂಗಡಿಯವನಿಗೂ ಒಂದು ಬೀದಿ ಇರುತ್ತದೆ. ಒಡವೆ ಕೊಡದಿದ್ದರೆ ಹೋಗಿ ಕೂಗಾಡಬಹುದು. ಊರೇ ಇಲ್ಲದ ಅಂಗಡಿಯಲ್ಲಿ ಹಣವಿಟ್ಟವನು ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು? ಈ ಪ್ರಶ್ನೆ ಬರಿಯ ತರ್ಕವಲ್ಲ. 2022ರ ನವೆಂಬರ್‌ನಲ್ಲಿ ಪ್ರತಿಸ್ಪರ್ಧಿ ಎಫ್‌ಟಿಎಕ್ಸ್‌ನ ನಾಣ್ಯವನ್ನು ತಾವು ಮಾರಿಬಿಡುವುದಾಗಿ ಝಾವೋ ಘೋಷಿಸಿದರು. ಗಿರಾಕಿಗಳು ಗಾಬರಿಯಿಂದ ಹಣ ಕೇಳಲು ಮುಗಿಬಿದ್ದರು. ಎಫ್‌ಟಿಎಕ್ಸ್‌ನಲ್ಲಿ ಕೊಡಲು ಹಣವಿರಲಿಲ್ಲ, ವಾರದೊಳಗೆ ದಿವಾಳಿಯಾಯಿತು. ಅಲ್ಲಿ ಗಿರಾಕಿಗಳ ಹಣವನ್ನೇ ಬಳಸಿಕೊಂಡದ್ದು ಬಯಲಾಯಿತು. ಬೈನಾನ್ಸ್ ಮೇಲೆ ಅಮೆರಿಕದ ನ್ಯಾಯ ಇಲಾಖೆ ಸಾಬೀತು ಮಾಡಿದ್ದು ಅಂಥ ಕಳವನ್ನಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಸಾಬೀತಾದದ್ದು ಬೇರೆ. ಗಿರಾಕಿ ಯಾರು, ಹಣ ಯಾವ ಮೂಲದ್ದು ಎಂದು ವಿಚಾರಿಸಬೇಕಾದ ಏರ್ಪಾಡನ್ನು ಕಂಪನಿ ಸರಿಯಾಗಿ ಇಟ್ಟಿರಲಿಲ್ಲ. ನಿರ್ಬಂಧಕ್ಕೊಳಗಾದ ಇರಾನಿನವರೂ ಅಲ್ಲಿ ವಹಿವಾಟು ನಡೆಸಿದ್ದರು. ಹಮಾಸ್‌ನಂಥ ಸಂಘಟನೆಗಳಿಗೆ ನಂಟಿದ್ದ ಪಾವತಿಗಳ ವರದಿಯೂ ಸರ್ಕಾರಕ್ಕೆ ಹೋಗಿರಲಿಲ್ಲ. ಮೊದಲೇ ಅನುಮತಿ ಕೇಳುವುದಕ್ಕಿಂತ ಆಮೇಲೆ ಕ್ಷಮೆ ಕೇಳುವುದು ಲೇಸು ಎಂದು ಝಾವೋ ಸಿಬ್ಬಂದಿಗೆ ಹೇಳಿದ್ದರೆಂಬುದು ದಾಖಲಾಯಿತು. 2023ರ ನವೆಂಬರ್ 21ರಂದು ಸಿಯಾಟಲ್ ನಗರದ ನ್ಯಾಯಾಲಯದಲ್ಲಿ ಅವರು ತಪ್ಪೊಪ್ಪಿಕೊಂಡು ಅಧಿಕಾರ ಬಿಟ್ಟರು. ಕಂಪನಿ 430 ಕೋಟಿ ಡಾಲರ್, ಅವರು 5 ಕೋಟಿ ಡಾಲರ್ ತೆರಲು ಒಪ್ಪಿದರು. ಸರ್ಕಾರಿ ವಕೀಲರು ಕೇಳಿದ್ದು ಮೂರು ವರ್ಷದ ಸೆರೆ. ನ್ಯಾಯಾಧೀಶರು ಕೊಟ್ಟದ್ದು ನಾಲ್ಕು ತಿಂಗಳು.

ಭಾರತದ ತಕರಾರೂ ಇದೇ ಜಾತಿಯದು. ಇಲ್ಲಿ ನೋಂದಣಿ ಇಲ್ಲದೆ ವ್ಯವಹರಿಸಿದ್ದಕ್ಕೆ ಹಣಕಾಸು ಸಚಿವಾಲಯದ ಹಣಕಾಸು ಗುಪ್ತಚರ ಘಟಕ 2023ರ ಡಿಸೆಂಬರ್‌ನಲ್ಲಿ ನೋಟಿಸು ಕೊಟ್ಟಿತು, 2024ರ ಜೂನ್‌ನಲ್ಲಿ 18.82 ಕೋಟಿ ರೂಪಾಯಿ ದಂಡ ಹಾಕಿತು.

ಝಾವೋ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದರು. 2025ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರಿಗೆ ಕ್ಷಮಾದಾನ ನೀಡಿದರು. ಅದೇ ವರ್ಷ ಅಬುಧಾಬಿಯ ಹೂಡಿಕೆ ಸಂಸ್ಥೆಯೊಂದು ಬೈನಾನ್ಸ್‌ನಲ್ಲಿ 200 ಕೋಟಿ ಡಾಲರ್ ತೊಡಗಿಸಿತ್ತು. ಆ ಹಣ ಸಂದಾಯವಾದದ್ದು ಟ್ರಂಪ್ ಕುಟುಂಬದ ನಂಟಿರುವ ಕಂಪನಿಯೊಂದರ ನಾಣ್ಯದಲ್ಲಿ. ಇವೆರಡಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ ಝಾವೋ ಪರ ವಕೀಲರು.