ಪೆಟ್ಲುಪ್ಪಿನಿಂದ ಪರೀಕ್ಷಾ ಕಿಟ್‌ವರೆಗೆ: ಗಂಗಾವತಿ ಸೀಮೆಯ ನೈಟ್ರೇಟ್

ನೈಟ್ರೇಟ್ ಎಂಬುದು ಇಂದಿನ ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಗೆ ಹೊಸದಲ್ಲ. ಇಂದು ಕುಡಿಯುವ ನೀರಿನ ದೋಷಗಳ ಪಟ್ಟಿಯಲ್ಲಿರುವ ಈ ಲವಣ, ಒಂದು ಕಾಲದಲ್ಲಿ ರಾಜ್ಯಗಳು ಹುಡುಕಿ ಸಂಗ್ರಹಿಸುತ್ತಿದ್ದ ಸರಕಾಗಿತ್ತು. ಮದ್ದಿನಪುಡಿಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಉಳಿದದ್ದು ಇದ್ದಿಲು ಮತ್ತು ಗಂಧಕ. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ದೋಆಬಿಗಾಗಿ ವಿಜಯನಗರವೂ ಬಹಮನಿ ಮನೆತನದ ಉತ್ತರಾಧಿಕಾರಿಗಳೂ ತಲೆಮಾರುಗಳ ಕಾಲ ಕಾದಾಡಿದರು. 1520ರ ರಾಯಚೂರು ಯುದ್ಧದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಖಾನನ ಕಡೆ ದೊಡ್ಡ ಫಿರಂಗಿ ಪಡೆಯಿತ್ತು, ಕೃಷ್ಣದೇವರಾಯನ ಕಡೆ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಕೋವಿಗಾರರಿದ್ದರು. ಆನೆಗೊಂದಿ ಮತ್ತು ಹಂಪಿಯ ಎದುರುಬದುರಿನ ದಡಗಳಿಂದ ರಾಯಚೂರಿನವರೆಗಿನ ಈ ನೆಲದಲ್ಲಿ ಮದ್ದಿಗೆ ಬೇಡಿಕೆ ಇಲ್ಲದ ವರ್ಷಗಳು ಕಡಿಮೆಯೇ ಇದ್ದಿರಬೇಕು.

ಪೆಟ್ಲುಪ್ಪು ಗಣಿಯಿಂದ ಬರುತ್ತಿರಲಿಲ್ಲ, ಹಳ್ಳಿಯ ಮಣ್ಣಿನಿಂದ ಬರುತ್ತಿತ್ತು. ದನ ಕಟ್ಟಿದ ಜಾಗ, ಹಳೇ ಮನೆಯ ಗೋಡೆಯ ಬುಡ, ತಿಪ್ಪೆಯ ಅಂಚು, ಪಾಳುಬಿದ್ದ ಊರಿನ ನೆಲ, ಇಂಥಲ್ಲಿ ಗಂಜಲ ಮತ್ತು ಸಗಣಿಯ ಸಾರಜನಕ ಮೊದಲು ಅಮೋನಿಯ ಆಗುತ್ತದೆ, ಆಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಮಳೆಗಾಲ ಮುಗಿದು ನೆಲ ಒಣಗಿದಾಗ ಲವಣ ಮೇಲಕ್ಕೆ ಏರಿ ಬಿಳಿ ಪುಡಿಯಾಗಿ ಕಾಣಿಸುತ್ತದೆ. ಆ ಮಣ್ಣನ್ನು ಕೆರೆದು, ನೀರು ಹಾಕಿ ಸೋಸಿ, ಬೂದಿ ಬೆರೆಸಿ, ಕಾಯಿಸಿ, ಆರಿಸಿದರೆ ಹರಳು ಕಟ್ಟುತ್ತದೆ. ಕನ್ನಡ ನಾಡಿನಲ್ಲಿ ಮಣ್ಣಿನಿಂದ ಉಪ್ಪು ತೆಗೆಯುವ ಕಸುಬು ಉಪ್ಪಾರರದು. ಅಡುಗೆ ಉಪ್ಪನ್ನು ತೆಗೆಯುವ ಕೈಗೆ ಪೆಟ್ಲುಪ್ಪಿನ ವಿಧಾನವೂ ದೂರದ್ದಾಗಿರಲಿಲ್ಲ, ಎರಡೂ ಮಣ್ಣು ತೊಳೆದು ಬತ್ತಿಸುವ ಕೆಲಸವೇ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣುಪ್ಪಿನ ತಯಾರಿಕೆಯನ್ನು ಬರೆದಿಟ್ಟಿದ್ದಾನೆ.

ಈ ಕಸುಬಿನೊಳಗೇ ಒಂದು ಪರೀಕ್ಷೆ ಇತ್ತು, ಮತ್ತು ಅದು ನಿಜಕ್ಕೂ ನೈಟ್ರೇಟಿನ ಪರೀಕ್ಷೆ. ಹರಳನ್ನು ನಾಲಿಗೆಗೆ ಇಟ್ಟರೆ ತಣ್ಣಗಾಗುತ್ತದೆ. ಕೆಂಡದ ಮೇಲೆ ಚೆಲ್ಲಿದರೆ ಚಟಪಟನೆ ಉರಿದೆದ್ದು ಹೋಗುತ್ತದೆ. ಬರೀ ಅಡುಗೆ ಉಪ್ಪಾದರೆ ಸಿಡಿದು ಸುಮ್ಮನಾಗುತ್ತದೆ, ಬೆಂಕಿಯನ್ನು ಉಜ್ಜೀವಿಸುವುದಿಲ್ಲ. ನೈಟ್ರೇಟ್ ತನ್ನ ಆಮ್ಲಜನಕವನ್ನು ಕೆಂಡಕ್ಕೆ ಕೊಡುವುದರಿಂದ ಹೀಗಾಗುತ್ತದೆ. ರಸಾಯನಶಾಸ್ತ್ರದ ಹೆಸರೇ ಇಲ್ಲದ ಕಾಲದ ಈ ಪರೀಕ್ಷೆ ಗುಣದಲ್ಲಿ ಸರಿಯಾಗಿತ್ತು, ಆದರೆ ಪ್ರಮಾಣ ಹೇಳುತ್ತಿರಲಿಲ್ಲ. ಬಾವಿ ನೀರಿನಲ್ಲಿ ಕರಗಿದ ಅಲ್ಪ ನೈಟ್ರೇಟಿಗೆ ಅದು ಯಾವ ಉಪಯೋಗಕ್ಕೂ ಬಾರದು.

ಬಾವಿ ನೀರನ್ನು ಅರಿಯಲು ಜನರಲ್ಲಿ ಬೇರೆ ದಾರಿಗಳಿದ್ದವು. ನಾಲಿಗೆ ಸವಳು ನೀರನ್ನೂ ಸಿಹಿನೀರನ್ನೂ ಬೇರ್ಪಡಿಸುತ್ತದೆ. ಬೇಳೆ ಬೇಯದಿದ್ದರೆ, ಸಬಕಾರ ನೊರೆ ಬಿಡದಿದ್ದರೆ ನೀರು ಗಡಸು. ಹೊಲದಲ್ಲಿ ಬಿಳಿ ಪೊರೆ ಎದ್ದರೆ ಸವಳು. ಸುಣ್ಣ, ಮೆಗ್ನೀಸಿಯಂ, ಸೋಡಿಯಂ ಲವಣಗಳ ಮಟ್ಟಿಗೆ ಈ ತಿಳಿವಳಿಕೆ ಚೆನ್ನಾಗಿಯೇ ಕೆಲಸ ಮಾಡಿತು. ನೈಟ್ರೇಟ್ ಮಾತ್ರ ಇವೆಲ್ಲವುಗಳಿಂದಲೂ ತಪ್ಪಿಸಿಕೊಂಡಿತು. ಅಪಾಯದ ಮಟ್ಟ ದಾಟಿದ ನೀರಿಗೂ ಬಣ್ಣವಿಲ್ಲ, ವಾಸನೆಯಿಲ್ಲ, ಬೇಳೆ ಬೇಯುತ್ತದೆ, ರುಚಿ ಸಿಹಿಯಾಗಿಯೇ ಇರಬಹುದು. ಇದೇ ಸೀಮೆಯ ಇನ್ನೊಂದು ದೋಷವಾದ ಫ್ಲೋರೈಡಾದರೂ ಹಲ್ಲಿನ ಮೇಲೆ ಕಂದು ಗುರುತು ಬಿಡುತ್ತದೆ. ನೈಟ್ರೇಟ್ ಅಂಥ ಗುರುತನ್ನೂ ಬಿಡುವುದಿಲ್ಲ. ನೈಟ್ರೇಟಿನ ಕಥೆಯಲ್ಲಿ ಅಳತೆಯ ಉಪಕರಣಕ್ಕೆ ಇಷ್ಟು ದೊಡ್ಡ ಪಾತ್ರ ಬಂದದ್ದು ಇದೇ ಕಾರಣಕ್ಕೆ.

ಆ ಉಪಕರಣದ ಕಥೆಗೆ ಮುನ್ನ ಈ ನೆಲ ಬದಲಾದ ಕಥೆಯನ್ನು ನೋಡಬೇಕು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಗಂಗಾವತಿ ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ವಿಜಯನಗರ ಕಾಲದ ಕಾಲುವೆಗಳು ಆನೆಗೊಂದಿ ಸುತ್ತಿನ ಕಿರಿದಾದ ಪಟ್ಟಿಗೆ ನೀರು ಕೊಡುತ್ತಿದ್ದವು, ಉಳಿದದ್ದು ಜೋಳ, ಹತ್ತಿ, ಸಜ್ಜೆಯ ಒಣ ಬೇಸಾಯ. ಇದನ್ನು ಬದಲಿಸಿದ್ದು ತುಂಗಭದ್ರಾ ಅಣೆಕಟ್ಟು. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳ ಒಪ್ಪಂದದ ಮೇಲೆ 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ ಸುಮಾರು 227 ಕಿ.ಮೀ. ಹರಿದು ಕೊಪ್ಪಳ, ರಾಯಚೂರು ಜಿಲ್ಲೆಗಳ ಹೊಲಗಳಿಗೆ ನೀರುಣಿಸುತ್ತದೆ. ಯೋಜನೆ ಹಾಕಿದವರು ಹೆಚ್ಚಿನ ನೆಲದಲ್ಲಿ ಕಡಿಮೆ ನೀರಿನ ಬೆಳೆಗಳನ್ನು ಬೆಳೆಯಬೇಕೆಂದಿದ್ದರು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ನೆಲೆಯೂರಿತು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತದ ಬೇಸಾಯವನ್ನು ತಂದರು, ಸ್ಥಳೀಯರೂ ಕಲಿತರು; ಗಂಗಾವತಿಗೆ ಭತ್ತದ ಕಣಜವೆಂಬ ಹೆಸರು ಬಂತು.

ನೀರಿನ ಹಿಂದೆಯೇ ಸವಳು ಬಂತು. ಕರಿಮಣ್ಣಿನಲ್ಲಿ ನೀರು ಬೇಗ ಇಳಿಯದು, ಬಸಿಗಾಲುವೆ ಸಾಲದು, ಅಂತರ್ಜಲ ಮೇಲೇರಿ ತಗ್ಗಿನ ಹೊಲಗಳು ಜವಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸಮಸ್ಯೆಯನ್ನು ಮುಖ್ಯ ವಿಷಯವಾಗಿ ಕೈಗೆತ್ತಿಕೊಂಡಿತು. ಲವಣಪೀಡಿತ ಮಣ್ಣುಗಳ ಕುರಿತ ಅಖಿಲ ಭಾರತ ಸಮನ್ವಿತ ಯೋಜನೆಯ ಒಂದು ಕೇಂದ್ರ ಇಲ್ಲಿದೆ. ಇಲ್ಲಿ ಬಳಸುವ ಮುಖ್ಯ ಅಳತೆ ವಿದ್ಯುತ್ ವಾಹಕತೆ. ಮಣ್ಣಿನ ಸಂತೃಪ್ತ ದ್ರಾವಣದ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಎಂಬ ಗೆರೆಯನ್ನು ಅಮೆರಿಕದ ಲವಣ ಪ್ರಯೋಗಾಲಯ 1954ರ ತನ್ನ ಕೈಪಿಡಿಯಲ್ಲಿ ಎಳೆದಿತ್ತು. ಈ ಮೀಟರು ಎಲ್ಲಾ ಲವಣಗಳನ್ನೂ ಒಟ್ಟಾಗಿ ಹೇಳುತ್ತದೆ. ಅದರಲ್ಲಿ ಅಡುಗೆ ಉಪ್ಪೆಷ್ಟು, ನೈಟ್ರೇಟ್ ಎಷ್ಟು ಎಂಬುದನ್ನು ಹೇಳದು. ವಾಹಕತೆ ಕಡಿಮೆ ಇರುವ ನೀರಿನಲ್ಲೂ ನೈಟ್ರೇಟ್ ಮಿತಿ ಮೀರಿರಬಹುದು.

ಸವಳಿನ ಜೊತೆಗೆ ಬಂದ ಇನ್ನೊಂದು ಬದಲಾವಣೆ ಯೂರಿಯಾ. 1960ರ ದಶಕದ ನಂತರದ ಗಿಡ್ಡ ತಳಿಗಳು ಸಾರಜನಕಕ್ಕೆ ಇಳುವರಿಯಿಂದಲೇ ಉತ್ತರ ಕೊಟ್ಟವು. 1976ರಲ್ಲಿ ಮಂಗಳೂರಿನಲ್ಲೇ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಈಗಿನ 45 ಕೆ.ಜಿ. ಚೀಲದಲ್ಲಿ ಸುಮಾರು 20.7 ಕೆ.ಜಿ. ಸಾರಜನಕ, ಅದೆಲ್ಲ ನೈಟ್ರೇಟ್ ಆದರೆ ಸುಮಾರು 92 ಕೆ.ಜಿ. ಬೆಳೆ ಅದರಲ್ಲಿ ಒಂದು ಪಾಲನ್ನು ಹೀರುತ್ತದೆ, ಇನ್ನೊಂದು ಪಾಲು ಗಾಳಿಗೆ ಹೋಗುತ್ತದೆ. ಆದರೂ ಲೆಕ್ಕ ಎಚ್ಚರಿಸುವಂಥದ್ದು: ಒಂದು ಚೀಲದ ಇಡೀ ನೈಟ್ರೇಟ್ ಸುಮಾರು 20 ಲಕ್ಷ ಲೀಟರ್ ಶುದ್ಧ ನೀರನ್ನು ಕುಡಿಯುವ ಮಿತಿಯ ಅಂಚಿಗೆ ತರಬಲ್ಲದು.

ಹಾಗೆಂದು ಭತ್ತದ ಗದ್ದೆಯನ್ನೇ ಅಪರಾಧಿ ಮಾಡುವುದು ತಪ್ಪು. ನೀರು ನಿಂತ ಗದ್ದೆಯ ತಳದಲ್ಲಿ ಆಮ್ಲಜನಕವಿರುವುದಿಲ್ಲ. ಅಲ್ಲಿಗೆ ಇಳಿದ ನೈಟ್ರೇಟನ್ನು ಸೂಕ್ಷ್ಮಜೀವಿಗಳು ಒಡೆದು ಸಾರಜನಕ ಅನಿಲವಾಗಿ ಬಿಡುತ್ತವೆ. ಗದ್ದೆ ಒಣಗಿ ಮತ್ತೆ ನೀರು ಕಂಡಾಗ, ಇಲ್ಲವೇ ಮೆಕ್ಕೆಜೋಳ, ತೋಟಗಾರಿಕೆಯಂಥ ಒಣ ನೆಲದ ಬೆಳೆಗೆ ಗೊಬ್ಬರ ಹೆಚ್ಚಾದಾಗ ಮಾತ್ರ ನೈಟ್ರೇಟ್ ಸೋರುವುದು ಸುಲಭ. ಇನ್ನು ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬಹುಪಾಲಿಗೆ ಕಾಲುವೆ ನೀರಿಲ್ಲ. ಗ್ರಾನೈಟ್ ಮತ್ತು ನೈಸ್ ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲವೇ ಜನರ ಆಧಾರ. ಬಿರುಕಿನಲ್ಲಿ ನೀರು ಮಣ್ಣಿನ ಸೋಸುವಿಕೆಗೆ ಸಿಗದೆ ನೇರ ಇಳಿಯುತ್ತದೆ. ಊರೊಳಗಿನ ಬೋರು ತಿಪ್ಪೆಗೋ, ದನದ ಹಟ್ಟಿಗೋ, ಶೌಚದ ಗುಂಡಿಗೋ ಹತ್ತಿರವಿದ್ದರೆ ಹಿಂದೆ ಪೆಟ್ಲುಪ್ಪು ಕೊಡುತ್ತಿದ್ದ ಅದೇ ರಾಸಾಯನಿಕ ಕ್ರಿಯೆ ಈಗ ಕುಡಿಯುವ ನೀರಿಗೆ ಕೈಹಾಕುತ್ತದೆ. ಕೇಂದ್ರ ಅಂತರ್ಜಲ ಮಂಡಳಿ ಕೊಪ್ಪಳ ಜಿಲ್ಲೆಯನ್ನು ಫ್ಲೋರೈಡ್ ಮತ್ತು ನೈಟ್ರೇಟ್ ಎರಡೂ ಮಿತಿ ಮೀರಿದ ಜಾಗಗಳಿರುವ ಜಿಲ್ಲೆಗಳ ಸಾಲಿನಲ್ಲಿ ಗುರುತಿಸಿದೆ.

ನೈಟ್ರೇಟಿಗೆ ಮಿತಿ ಎಲ್ಲಿಂದ ಬಂತು ಎಂಬ ಕಥೆ ಅಮೆರಿಕದ ಅಯೋವಾ ರಾಜ್ಯದ್ದು. ತುಂಗಭದ್ರೆಗೆ ಅಡಿಗಲ್ಲು ಬಿದ್ದ 1945ರಲ್ಲೇ ಹಂಟರ್ ಕಾಮ್ಲಿ ಎಂಬ ವೈದ್ಯ, ಬಾವಿ ನೀರಿನಲ್ಲಿ ಹಾಲಿನಪುಡಿ ಕಲಸಿ ಕುಡಿಸಿದ ಹಸುಗೂಸುಗಳು ನೀಲಿಗಟ್ಟುವುದಕ್ಕೆ ನೈಟ್ರೇಟ್ ಕಾರಣವೆಂದು ತೋರಿಸಿದ. ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾಗದ ರೂಪಕ್ಕೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 50 ಮಿ.ಗ್ರಾಂ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಮಿತಿ 45 ಮಿ.ಗ್ರಾಂ. ಬೇರೆ ನೀರಿನ ಮೂಲವಿಲ್ಲದಿದ್ದರೂ ಅದರ 2012ರ ಪರಿಷ್ಕರಣೆ ಈ ಮಿತಿಗೆ ಸಡಿಲಿಕೆ ಕೊಡುವುದಿಲ್ಲ.

ಅಳೆಯುವ ವಿದ್ಯೆಗೆ ಇದಕ್ಕಿಂತ ಹಿರಿಯ ಇತಿಹಾಸವಿದೆ. ಜರ್ಮನ್ ಮೂಲದ ಪೀಟರ್ ಗ್ರೀಸ್ 1858ರಲ್ಲಿ ಡಯಾಜೊ ಸಂಯುಕ್ತಗಳನ್ನು ಕಂಡ. ನೈಟ್ರೈಟಿನ ಜೊತೆ ಸೇರಿ ಗುಲಾಬಿ ಬಣ್ಣ ಕೊಡುವ ಅವನ ಪ್ರತಿಕ್ರಿಯೆ 1879ರ ಹೊತ್ತಿಗೆ ನೀರಿನ ಪರೀಕ್ಷೆಯ ಸಾಧನವಾಯಿತು. ನೈಟ್ರೇಟ್ ನೇರವಾಗಿ ಈ ಬಣ್ಣ ಕೊಡದು, ಅದನ್ನು ಮೊದಲು ಕ್ಯಾಡ್ಮಿಯಂ ಅಥವಾ ಸತುವಿನ ಪುಡಿಯಿಂದ ನೈಟ್ರೈಟಿಗೆ ಇಳಿಸಬೇಕು. ಇಂದಿನ ಸಣ್ಣ ಪೆಟ್ಟಿಗೆಯ ಕಿಟ್ಟುಗಳಲ್ಲಿ ಬಹುಪಾಲು ಈ ಎರಡು ಹೆಜ್ಜೆಗಳ ಮೇಲೇ ನಿಂತಿವೆ. ಪ್ರಯೋಗಾಲಯಗಳು ಬಹುಕಾಲ ನೆಚ್ಚಿದ್ದು ಇನ್ನೊಂದನ್ನು, ಫೀನಾಲ್‌ಡೈಸಲ್ಫೋನಿಕ್ ಆಮ್ಲದ ಹಳದಿ ಬಣ್ಣದ ವಿಧಾನವನ್ನು. ಆದರೆ ಅದನ್ನು ಕ್ಲೋರೈಡ್ ಕೆಡಿಸುತ್ತದೆ, ಸವಳು ನೀರಿನ ಸೀಮೆಗೆ ಅದು ದೊಡ್ಡ ತೊಡಕು.

ಉಪ್ಪುನೀರನ್ನು ಅಳೆಯುವ ತೊಡಕು ಸಮುದ್ರದ ನೀರಿನಲ್ಲಿ ಮೀನು, ಹವಳ ಸಾಕುವವರಿಗೂ ಉಂಟು. ಉಪ್ಪುನೀರಿನ ಅಕ್ವೇರಿಯಂಗೆಂದು ಮಾರುವ ಕಿಟ್ಟುಗಳಿಗೆ ಬೇರೆಯ ಬಣ್ಣದ ಚಾರ್ಟು ಇರುವುದು ಉಂಟು. ಹವಳದ ತೊಟ್ಟಿಯಲ್ಲಿ ಲೀಟರಿಗೆ ಕೆಲವೇ ಮಿ.ಗ್ರಾಂ ನೈಟ್ರೇಟ್ ಬೇಕಾದ್ದರಿಂದ ಅವು ಕೆಳಮಟ್ಟವನ್ನು ಸೂಕ್ಷ್ಮವಾಗಿ ಬಿಡಿಸಬೇಕು. ಕುಡಿಯುವ ನೀರಿನ ಕಿಟ್ಟಿಗೆ 45ರ ಆಚೀಚೆ ಸ್ಪಷ್ಟವಾಗಿರುವುದೇ ಮುಖ್ಯ. ಕಿಟ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಅಳತೆಯ ವ್ಯಾಪ್ತಿ, ಎರಡನೆಯದು ಅಂಕಿ ಯಾವುದನ್ನು ಹೇಳುತ್ತದೆ ಎಂಬುದು. ಕೆಲವು ಕಿಟ್ಟುಗಳು ನೈಟ್ರೇಟನ್ನೇ ಕೊಡುತ್ತವೆ, ಕೆಲವು ನೈಟ್ರೇಟಿನಲ್ಲಿರುವ ಸಾರಜನಕವನ್ನು ಮಾತ್ರ ಕೊಡುತ್ತವೆ, ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ಸಾರಜನಕದ ಲೆಕ್ಕದಲ್ಲಿ 12 ಎಂದು ಬಂದ ನೀರನ್ನು 45ಕ್ಕಿಂತ ಎಷ್ಟೋ ಕೆಳಗಿದೆ ಎಂದು ಓದಿದರೆ ಅದು ದೊಡ್ಡ ಮೋಸ, ಏಕೆಂದರೆ ಅದರಲ್ಲಿರುವ ನೈಟ್ರೇಟ್ 53.

ಗ್ರಾಮಮಟ್ಟಕ್ಕೆ ಕಿಟ್ ಬಂದದ್ದು ಈ ಶತಮಾನದಲ್ಲಿ. 2006ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರಿನ ಗುಣಮಟ್ಟ ಕಾರ್ಯಕ್ರಮ ಕಿಟ್ಟನ್ನು ಪಂಚಾಯಿತಿಗೆ ತಂದಿತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್, ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು. ಕರ್ನಾಟಕದಲ್ಲಿ ಈ ಮಿಷನ್ನಿನ ಹೆಸರು ಮನೆ ಮನೆಗೆ ಗಂಗೆ. ಕ್ಲೋರೈಡ್, ಗಡಸುತನ, ಫ್ಲೋರೈಡ್, ಕಬ್ಬಿಣಗಳ ಜೊತೆ ನೈಟ್ರೇಟಿನ ಪರೀಕ್ಷೆಯೂ ಆ ಕಿಟ್ಟಿನಲ್ಲಿದೆ. ಪರೀಕ್ಷೆ ಪಂಡಿತರ ಕೈಯಿಂದ ನೀರು ಹೊರುವವರ ಕೈಗೆ ಬಂದದ್ದು ಈ ಇತಿಹಾಸದ ಅತ್ಯಂತ ಸಂತೋಷದ ತಿರುವು.

ಕಿಟ್ಟಿನ ಮಿತಿಗಳನ್ನೂ ಅರಿಯಬೇಕು. ಪುಡಿ ಹಾಕಿ ಸಾಕಷ್ಟು ಅಲ್ಲಾಡಿಸದಿದ್ದರೆ ಅಂಕಿ ಕಡಿಮೆ ಬರುತ್ತದೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದೂ ಬಣ್ಣ ಕೊಟ್ಟು ಅಂಕಿ ಹೆಚ್ಚಿಸುತ್ತದೆ. ಬಣ್ಣವನ್ನು ಹಗಲಿನ ನೆರಳಿನ ಬೆಳಕಿನಲ್ಲಿ ಚಾರ್ಟಿಗೆ ಹೋಲಿಸಬೇಕು, ಹಳದಿ ದೀಪದಡಿಯಲ್ಲಲ್ಲ. ಚಾರ್ಟಿನ ಕೊನೆಯ ಬಣ್ಣವೂ ಸಾಲದಿದ್ದರೆ ಡಿಸ್ಟಿಲ್ಡ್ ವಾಟರ್ ಸೇರಿಸಿ ತೆಳುಮಾಡಿ, ಮತ್ತೆ ಅಳೆದು, ಎಷ್ಟು ಪಟ್ಟು ತೆಳುಮಾಡಿದ್ದೇವೋ ಅಷ್ಟರಿಂದ ಬಂದ ಅಂಕಿಯನ್ನು ಗುಣಿಸಬೇಕು. ಮಿತಿ ದಾಟಿದೆ ಎಂದು ಕಿಟ್ ತೋರಿಸಿದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಶುದ್ಧವಾದ ಬಾಟಲಿಯಲ್ಲಿ ತುಂಬಿ, ತಣ್ಣಗಿಟ್ಟು, 48 ಗಂಟೆಯೊಳಗೆ ಪರೀಕ್ಷೆಯಾಗಬೇಕು, ಇಲ್ಲವಾದರೆ ಸೂಕ್ಷ್ಮಜೀವಿಗಳು ಅಂಕಿಯನ್ನು ಬದಲಿಸುತ್ತವೆ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕ್ಲೋರಿನ್ ಪುಡಿಗೂ ಅದು ಬಗ್ಗದು. ಅದನ್ನು ತೆಗೆಯುವುದು ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವ ಆರ್‌ಒ ಪೊರೆ. ಆ ಪೊರೆ ಸವೆಯುತ್ತ ಹೋಗುವುದರಿಂದ ಘಟಕದಿಂದ ಹೊರಬರುವ ನೀರನ್ನೂ ಮಳೆಗಾಲದ ಮುಂಚೆ ಮತ್ತು ನಂತರ ಅದೇ ಕಿಟ್ಟಿನಿಂದ ಅಳೆಯಬೇಕಾಗುತ್ತದೆ.