ಎರಡಾಣೆಯ ಲೆಕ್ಕ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನ ಉದ್ಯೋಗವನ್ನು ಬಿಟ್ಟು ಊರಿಗೆ ಮರಳಿದ್ದಾನೆ. ಪೇಟೆಯ ಬಸ್ ನಿಲ್ದಾಣದ ಎದುರಿಗೆ, ಜನರಿಗೆ ಹಣಕಾಸಿನ ಸಲಹೆ ನೀಡುವ ಚಿಕ್ಕ ಕಛೇರಿಯೊಂದನ್ನು ತೆರೆಯುವವನಿದ್ದಾನೆ. "ಸರ್, ನಮ್ಮ ಊರಿನಲ್ಲಿ ಇದು ನಡೆದೀತೇ? ಇಲ್ಲಿಯವರಿಗೆ ಇದು ತೀರಾ ಹೊಸತಲ್ಲವೇ?" ಎಂದು ಕೇಳಿದ. ಹೊಸತೇನೂ ಅಲ್ಲ ಎಂದೆ. ಚಹಾ ಮುಗಿಯುವಷ್ಟರಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಅವನ ಸಹಪಾಠಿಗಳೂ ಓದಲಿ.

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನು ಬ್ಯಾಂಕುಗಳ ತೊಟ್ಟಿಲು ಎನ್ನುವ ಮಾತು ನಿಮಗೆ ಗೊತ್ತಿದ್ದದ್ದೇ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಂದು ನಿಧಿಯನ್ನು ಸ್ಥಾಪಿಸಿದರು. ಅದು ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಿಂದ ಆರಂಭಿಸಿದ್ದು ಕಾರ್ಪೊರೇಷನ್ ಬ್ಯಾಂಕ್. ಆದರೆ ನಾನು ಹೇಳಹೊರಟಿರುವುದು ಕಟ್ಟಡವಿದ್ದ ಬ್ಯಾಂಕಿನ ಕಥೆಯನ್ನಲ್ಲ, ಕಾಲ್ನಡಿಗೆಯಲ್ಲಿ ಮನೆಗೆ ಬರುತ್ತಿದ್ದ ಬ್ಯಾಂಕಿನ ಕಥೆಯನ್ನು.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ವೈದ್ಯರಾದ ಡಾ. ಟಿ.ಎಂ.ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಕುಡ್ವ. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲವದು. ಅವರಿಗೆ ನೆರವಾಗುವುದು ಸಂಸ್ಥೆಯ ಮೊದಲ ಉದ್ದೇಶ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಪ್ರತಿದಿನ ಮನೆಬಾಗಿಲಿಗೆ ಬಂದು, ಎರಡಾಣೆಯಷ್ಟು ಅಲ್ಪ ಮೊತ್ತವನ್ನಾದರೂ ಪಡೆದು, ಕಾರ್ಡಿನಲ್ಲಿ ಬರೆದು ಸಹಿ ಹಾಕುವ ಪದ್ಧತಿ.

ನನ್ನ ತರಗತಿಯಲ್ಲಿ ಕುಳಿತವರು ಈ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲಿರಿ. ದಿನಕ್ಕೆ ಎರಡಾಣೆಯಾದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಒಟ್ಟಿಗೆ ಐದು ರೂಪಾಯಿಯನ್ನು ಎಂದೂ ಕೈಯಲ್ಲಿ ಹಿಡಿಯದವಳಿಗೆ ಇದು ದೊಡ್ಡ ಗಂಟು. ತಿಂಗಳ ಸಂಬಳವಿಲ್ಲದವರಿಗೆ ತಿಂಗಳ ಉಳಿತಾಯವೂ ಇರಲಾರದು. ದಿನದ ದುಡಿಮೆಯವರಿಗೆ ದಿನದ ಉಳಿತಾಯವೇ ಸರಿ ಎಂಬುದನ್ನು ಕಂಡುಕೊಂಡದ್ದೇ ಪಿಗ್ಮಿಯ ಜಾಣ್ಮೆ.

ನನ್ನ ಚಿಕ್ಕಪ್ಪ 1954ರಲ್ಲಿ ಇಂಥ ಏಜೆಂಟರಾದರು. ಅವರ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಜಿಲ್ಲೆಯಲ್ಲಿ ಈ ಬಗೆಯ ಯೋಜನೆಯನ್ನು ನಡೆಸುತ್ತಿದ್ದದ್ದು ಒಂದೇ ಬ್ಯಾಂಕಲ್ಲ. ಖಾಕಿ ಚೀಲ, ಕಪ್ಪು ಕೊಡೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಅವರ ದಾರಿಗೆ ಒಂದು ಕ್ರಮವಿತ್ತು. ಮೀನು ಮಾರುವ ಹೆಂಗಸರ ಬುಟ್ಟಿ ಬರಿದಾಗುವ ಹೊತ್ತಿಗೆ ಮಾರುಕಟ್ಟೆ, ಮಧ್ಯಾಹ್ನ ಬೀಡಿ ಕಟ್ಟುವವರ ಜಗಲಿ, ಇಳಿಹೊತ್ತಿನಲ್ಲಿ ಹಂಚಿನ ಕಾರ್ಖಾನೆಯ ಗೇಟು. "ಗಡಂಗಿನವನಿಗಿಂತ ಐದು ನಿಮಿಷ ಮೊದಲು ನಾನು ಅಲ್ಲಿರಬೇಕು ಮಾರಾಯ" ಎಂದು ನಗುತ್ತಿದ್ದರು. ನಗುತ್ತಿದ್ದರೇ ಹೊರತು, ಒಂದು ಸಂಜೆಯೂ ತಡಮಾಡಿದವರಲ್ಲ.

ಯಾರಿಗೆ ಯಾವಾಗ ಹಣ ಬೇಕಾಗುತ್ತದೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯದು, ಆಟಿ ತಿಂಗಳಲ್ಲಿ ಗದ್ದೆಯವರ ಅಕ್ಕಿಮುಡಿ ಮುಗಿದಿರುತ್ತದೆ. ಆದ್ದರಿಂದ ಬೇಸಗೆಯಲ್ಲಿಯೇ, "ಅಕ್ಕಾ, ಈಗ ನಾಲ್ಕಾಣೆ ಹೆಚ್ಚು ಕಟ್ಟಿ, ಆಟಿಯಲ್ಲಿ ಯಾರ ಬಾಗಿಲಿಗೂ ಹೋಗುವುದು ಬೇಡ" ಎಂದು ಒತ್ತಾಯಿಸುತ್ತಿದ್ದರು. ಮಗಳ ಮದುವೆಗೆ ಎರಡು ವರ್ಷವಿದೆ, ಈಗ ಕಾರ್ಡನ್ನು ಮುರಿಸಿದರೆ ಬಡ್ಡಿ ಹೋಗುತ್ತದೆ, ಬೇಕಿದ್ದರೆ ಅದರ ಮೇಲೆ ಸಾಲ ತೆಗೆಯಿರಿ ಎಂದು ಜಗಲಿಯಲ್ಲಿ ಕುಳಿತು ತಿಳಿಹೇಳುತ್ತಿದ್ದರು. ಒಂದೇ ಮನೆಯಲ್ಲಿ ಅತ್ತೆಗೂ ಸೊಸೆಗೂ ಪ್ರತ್ಯೇಕ ಕಾರ್ಡುಗಳಿದ್ದವು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ಒಬ್ಬರಿಂದ ಜಗಲಿಯಲ್ಲಿ, ಇನ್ನೊಬ್ಬರಿಂದ ಬಾವಿಕಟ್ಟೆಯಲ್ಲಿ ಹಣ ಪಡೆಯುತ್ತಿದ್ದರು!

ನನ್ನ ತಾಯಿಯದೂ ಒಂದು ಕಾರ್ಡಿತ್ತು. 1968ರಲ್ಲಿ ನಾನು ಶಿಕ್ಷಕರ ತರಬೇತಿಗೆ ಸೇರುವಾಗ ಶುಲ್ಕವನ್ನು ಕೊಟ್ಟದ್ದು ಅದೇ. ನಾನು ಮೇಷ್ಟ್ರಾದದ್ದು, ನೀವು ನನ್ನ ಕೈಯಲ್ಲಿ ಏಟು ತಿಂದದ್ದು, ಎಲ್ಲವೂ ಆ ನಾಲ್ಕಾಣೆಗಳ ಪ್ರಭಾವ.

ಒಂದು ವಿಷಯವನ್ನು ಮುಚ್ಚಿಡಬಾರದು. ಬಡವರಲ್ಲಿ ಕೆಲವರು ಕಟ್ಟಲಾಗದ ದಿನ ಚಿಕ್ಕಪ್ಪ ತಮ್ಮ ಜೇಬಿನಿಂದಲೇ ಹಾಕಿ ಕಾರ್ಡು ತುಂಬುತ್ತಿದ್ದರು. ಮರಳಿ ಬಂದದ್ದು ಉಂಟು, ಬಾರದ್ದೂ ಉಂಟು. ಚಿಕ್ಕಮ್ಮ ಇದಕ್ಕಾಗಿ ಜಗಳವಾಡುತ್ತಿದ್ದರು. ಆಗ ನಾವು ಚಿಕ್ಕಪ್ಪನ ಪಕ್ಷ. ಇಂದು ಯೋಚಿಸಿದರೆ ಚಿಕ್ಕಮ್ಮನ ಮಾತಿನಲ್ಲೇ ಹೆಚ್ಚು ನ್ಯಾಯವಿತ್ತೆನಿಸುತ್ತದೆ.

ಏಕೆಂದರೆ ಏಜೆಂಟರಿಗೆ ಸಂಬಳವಿರಲಿಲ್ಲ. ಸಂಗ್ರಹಿಸಿದ ಹಣಕ್ಕೆ ನೂರಕ್ಕಿಷ್ಟು ಎಂದು ಕಮಿಷನ್ ಮಾತ್ರ. ಜ್ವರ ಬಂದ ದಿನ ಅದೂ ಇಲ್ಲ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ, ಚಿಕ್ಕಪ್ಪ ತಾವೂ ಸರಕಾರಿ ನೌಕರರಾದೆವೆಂದು ಒಂದು ವಾರ ಸಂಭ್ರಮಿಸಿದರು. ಆದರೆ ಆಸ್ತಿ ಬ್ಯಾಂಕಿನದ್ದು, ನೌಕರರು ಬ್ಯಾಂಕಿನವರು, ಏಜೆಂಟರು ಮಾತ್ರ ಯಾರವರೂ ಅಲ್ಲ! ಏಜೆಂಟರ ಸಂಘಟನೆಗಳು ಈ ವ್ಯಾಜ್ಯವನ್ನು ಬಹುಕಾಲ ನಡೆಸಿದವು. ಕೊನೆಗೆ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಠೇವಣಿ ಸಂಗ್ರಾಹಕರೂ ಕಾರ್ಮಿಕರೇ, ಅವರಿಗೆ ಸಲ್ಲುವ ಕಮಿಷನ್ನೂ ವೇತನವೇ ಎಂದು ತೀರ್ಪಿತ್ತಿತು. ನಿಗದಿತ ಸಂಗ್ರಹಕ್ಕೆ ತಿಂಗಳಿಗೆ 750 ರೂಪಾಯಿ ಕನಿಷ್ಠ ವೇತನ, ಸೇವಾವಧಿಗೆ ತಕ್ಕಂತೆ ಗ್ರಾಚ್ಯುಟಿ ಎಂಬ ನ್ಯಾಯಮಂಡಳಿಯ ಆದೇಶ ಉಳಿಯಿತು. ಖಾಯಂ ನೌಕರಿ ಮಾತ್ರ ಸಿಗಲಿಲ್ಲ.

ಚಿಕ್ಕಪ್ಪ 1986ರಲ್ಲೇ ಮೊಣಕಾಲು ನೋವಿನಿಂದ ಕೆಲಸ ಬಿಟ್ಟಿದ್ದರು. ಬ್ಯಾಂಕಿನಿಂದ ಅವರಿಗೆ ಬಂದದ್ದು ಒಂದು ಶಾಲು ಮತ್ತು ಗೋಡೆ ಗಡಿಯಾರ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯನ್ನು ತೆರೆದಾಗ ಊರಿನವರ ಹಳೆಯ ಕಾರ್ಡುಗಳು ಕಟ್ಟುಕಟ್ಟಾಗಿ ಸಿಕ್ಕಿದವು. ಅವರ ಸ್ವಂತ ಹೆಸರಿನದು ಒಂದೂ ಇರಲಿಲ್ಲ.

ಈಗ ಉಡುಪಿ, ಮಂಗಳೂರಿನ ಆ ಹಳೆಯ ಫಲಕಗಳಲ್ಲಿ ಹಲವು ಇಳಿದಿವೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು.

ನನ್ನ ವಿದ್ಯಾರ್ಥಿ ಹೊರಡುವಾಗ, "ಸಲಹೆಗೆ ಎಷ್ಟು ಶುಲ್ಕ ತೆಗೆದುಕೊಳ್ಳಲಿ ಸರ್? ಪರಿಚಯದವರೇ ಎಲ್ಲ, ಕೇಳಲು ಸಂಕೋಚವಾಗುತ್ತದೆ" ಎಂದ. ಸಂಕೋಚ ಬೇಡ, ಕೇಳಿ ತೆಗೆದುಕೋ ಎಂದೆ. ಮೊದಲ ಕಡತವನ್ನು ನಿನ್ನ ಹೆಸರಿನಲ್ಲೇ ತೆರೆ ಎಂದೂ ಹೇಳಿದೆ. ನಗುತ್ತಾ ಹೋದ. ಕಛೇರಿಯ ಪ್ರಾರಂಭ ಬರುವ ಭಾನುವಾರ ಬೆಳಿಗ್ಗೆ, ಊರಿನಲ್ಲಿರುವವರು ಬನ್ನಿ.